ಬಿಟ್ಟು ಓದಿದ ಸಾಲು

ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ಈ ಮನೆಯ ಕಿರಿಮಗ ಜಂತೆ ಎಣಿಸುವುದಷ್ಟೇ ಅಲ್ಲ, ಎಣಿಸಿದ್ದನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದ. ಭಾನುವಾರದ ಸಂಚಿಕೆಯಲ್ಲಿ ಬರುವ ‘ಓರೆಗಣ್ಣು’ ಅಂಕಣ ಅವನದು. ಒಂಟಿ ಮನುಷ್ಯ, ನೀರು ಕಾಯಿಸುವುದರಿಂದ ಮುಂದಕ್ಕೆ ಅಡುಗೆ ಕಲಿಯದವನು. ಹಾಗಾಗಿ ಭಾನುವಾರ ಮಧ್ಯಾಹ್ನ ಅಣ್ಣನ ಮನೆಯಲ್ಲೇ ಊಟ. ಅಲ್ಲಿ ಮೇಜಿನ ಸುತ್ತ ಬಿದ್ದ ಮಾತೆಲ್ಲ ಮುಂದಿನ ಭಾನುವಾರ ಉಪ್ಪು ಖಾರ ಹಚ್ಚಿಕೊಂಡು ಅಂಕಣದಲ್ಲಿ ಕೂತಿರುತ್ತಿತ್ತು.

ಆ ಮನೆಯ ಸೊಸೆಗೆ ಮೊದಮೊದಲು ಇದರಿಂದ ಖುಷಿಯೇ ಆಗಿತ್ತು. ಅವಳು ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ತಾನು ಬಡಿಸುತ್ತ ಅಂದ ಮಾತೊಂದು ಅಚ್ಚಾದಾಗ ಪತ್ರಿಕೆಯನ್ನು ಅಂಗಡಿಗೆ ಒಯ್ದು, ಹೊಲಿಗೆ ಯಂತ್ರದ ಮೇಲೆ ಹರಡಿ, “ಇದು ನಾನೇ ಹೇಳಿದ್ದು ಕಣ್ರೇ, ನಮ್ಮ ಮೈದುನ ಬರೆದದ್ದು” ಎಂದು ಎಲ್ಲರಿಗೂ ತೋರಿಸಿದ್ದಳು. ಪರರ ಮನೆಯ ಜಗಳದಂತೆ ತಮ್ಮ ಮನೆಯ ಜಗಳವೂ ಓದಲು ರುಚಿಯಾಗಿಯೇ ಇರುತ್ತದೆ, ಯಾರಿಗಾದರೂ ಪೆಟ್ಟಾಗುವ ತನಕ.

ಮನೆಯಲ್ಲಿ ನಾಲ್ವರು. ಗಂಡ ಬೇಕರಿಯಲ್ಲಿ ಒಲೆ ನೋಡುವವನು. ಮಾವ ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಮಗಳಿಗೆ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಅದಕ್ಕೇ ತಾತ ಅವಳಿಗೆ ಜಿಗಣೆ ಎಂದು ಹೆಸರಿಟ್ಟಿದ್ದರು. ಈಗ ಮನೆಯಲ್ಲಿ ಎಲ್ಲರಿಗೂ ಅವಳು ಜಿಗಣೆಯೇ. ತಾತ ಹುಟ್ಟಾ ಕೊಡೆ ಪಕ್ಷದವರು. ಜಿಗಣೆ ಗರಗಸದ ಗುರುತಿನ ಪಕ್ಷದವಳು. ಒಬ್ಬರು ಏರಿಗೆ ಎಳೆದರೆ ಇನ್ನೊಬ್ಬರು ನೀರಿಗೆ.

ಆದರೂ ಇಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟರೆ ಆಗುತ್ತಿರಲಿಲ್ಲ. ಮೂರು ವರ್ಷದಿಂದ ಮಾವನ ಕಣ್ಣಿನ ನಡುವಿನ ನೋಟ ಹೋಗಿತ್ತು. ಎದುರಿಗೆ ನಿಂತವರ ಮುಖದ ಜಾಗದಲ್ಲಿ ಒಂದು ಬೂದು ಮಚ್ಚೆ, ಸುತ್ತಲಿನ ಅಂಚು ಮಾತ್ರ ಸ್ಪಷ್ಟ. ಓಡಾಡಲು ಅಡ್ಡಿಯಿಲ್ಲ, ಓದಲು ಆಗದು. ಬೆಳಗಿನ ಪಾಳಿ ಮುಗಿಸಿ ಬಂದ ಜಿಗಣೆ ಕೈ ತೊಳೆದು, ಚಹಾ ಹಿಡಿದುಕೊಂಡು, ತಾತನಿಗೆ ಪತ್ರಿಕೆ ಓದಿ ಹೇಳುತ್ತಿದ್ದಳು.

ಓದುವುದರಲ್ಲಿ ಒಂದು ಗುಟ್ಟಿತ್ತು. ಶುರುವಿನಲ್ಲಿ ಒಮ್ಮೆ ಕೊಡೆಯವರನ್ನು ಜರೆದ ಲೇಖನ ಕೇಳಿ ಮಾವ ಕೂಗಾಡಿ, ರಕ್ತದೊತ್ತಡ ಏರಿ, ಎರಡು ದಿನ ಹಾಸಿಗೆ ಹಿಡಿದಿದ್ದರು. ಆಗ ಸೊಸೆಯೇ ಮಗಳಿಗೆ ಅಡುಗೆಮನೆಯಲ್ಲಿ ಹೇಳಿದ್ದಳು: “ಬೇಳೆಯಲ್ಲಿ ಕಲ್ಲು ಆರಿಸಲ್ವೇನೇ? ಹಾಗೆ ಆರಿಸಿ ಓದು.” ಅಂದಿನಿಂದ ಪತ್ರಿಕೆಯಲ್ಲಿ ‘ಕುರ್ಚಿಗೆ ಅಂಟಿಕೊಂಡ ಮುದಿ ಗೂಬೆ’ ಎಂದಿದ್ದರೆ ಜಿಗಣೆಯ ಬಾಯಲ್ಲಿ ಅದು ‘ಅನುಭವಿ ನಾಯಕರು’ ಆಗುತ್ತಿತ್ತು.

“ಈ ಪೇಪರ್‌ನೋರು ಪರವಾಗಿಲ್ಲ ಕಣೇ,” ಎನ್ನುತ್ತಿದ್ದರು ಮಾವ. “ನಮ್ಮೋರ ವಿರುದ್ಧ ಬರೆದ್ರೂ ಮರ್ಯಾದೆ ಬಿಡಲ್ಲ.”

ತಾಯಿ ಮಗಳು ಒಳಗೆ ಬಂದು ಬಾಯಿಗೆ ಬಟ್ಟೆ ಹಿಡಿದು ನಗುತ್ತಿದ್ದರು.

ಚುನಾವಣೆ ಘೋಷಣೆಯಾದ ಮೇಲೆ ಒಂದು ಭಾನುವಾರ ಊಟದ ಹೊತ್ತಿಗೆ ಟಿವಿಯ ಚರ್ಚೆ ಜೋರಾಗಿತ್ತು. ಕಣ್ಣು ಮಂಜಾದಷ್ಟೂ ಮಾವ ಶಬ್ದ ಏರಿಸುತ್ತಿದ್ದರು. ಜಿಗಣೆ ಕತ್ತಲಿರುವಾಗಲೇ ಎದ್ದು ಕೆಲಸಕ್ಕೆ ಹೋಗಿ ಬಂದವಳು.

“ತಾತ, ಸ್ವಲ್ಪ ಕಡಿಮೆ ಮಾಡು. ತಲೆ ಸಿಡೀತಿದೆ.”

“ಕಾಣಲ್ಲ, ಕೇಳಿಸ್ಕೊಳ್ಳೋದೂ ಬೇಡ್ವಾ?”

“ಯಾವಾಗ್ಲೋ ಒಂದ್ಸಲ ಹಾಕೋ ಓಟಿಗೆ ದಿನಾ ಇಷ್ಟು ಕಿರುಚಾಟ ಕೇಳ್ಬೇಕಾ?”

“ನಿಂಗೇನು, ಫೋನು ಯಾವ ಕಡೆ ತಿರುಗಿದ್ರೆ ಆ ಕಡೆ ತಲೆ.”

ಅಷ್ಟೇ. ಗಂಡ ಎದ್ದು ಟಿವಿಯ ಶಬ್ದ ತಗ್ಗಿಸಿದ, ಸೊಸೆ ಎಲ್ಲರ ತಟ್ಟೆಗೂ ಇನ್ನಷ್ಟು ಬೇಯಿಸಿದ ಆಲೂಗಡ್ಡೆ ಹಾಕಿದಳು, ಜಗಳ ಅಲ್ಲಿಗೆ ಮುಗಿಯಿತು. ಮೈದುನ ಮಾತ್ರ ತಿನ್ನುವುದನ್ನು ನಿಲ್ಲಿಸಿ ಇಬ್ಬರ ಮುಖವನ್ನೂ ಸರದಿಯಂತೆ ನೋಡಿದ್ದ.

ಮುಂದಿನ ಭಾನುವಾರ ಅಂಕಣ ಬಂತು. ಜಿಗಣೆ ತಾತನ ಎದುರು ಕೂತು ಗಟ್ಟಿಯಾಗಿ ಓದಿದಳು. ‘ನನಗೆ ಗೊತ್ತಿರುವ ಒಂದು ಮನೆಯ ಊಟದ ಮೇಜೇ ನಮ್ಮ ದೇಶದ ನಕ್ಷೆ. ಒಂದು ತುದಿಯಲ್ಲಿ ಮಳೆ ನಿಂತು ಎಷ್ಟೋ ಕಾಲವಾದರೂ ಮಡಚಿಕೊಳ್ಳಲು ಒಪ್ಪದ ಮುದಿ ಕೊಡೆ. ಇನ್ನೊಂದು ತುದಿಯಲ್ಲಿ ಎಳೆ ಗರಗಸ: ಅದಕ್ಕೆ ಕೊಯ್ಯುವುದು ಗೊತ್ತು, ತಾನು ಕೂತ ಕೊಂಬೆ ಯಾವುದೆಂದು ಗೊತ್ತಿಲ್ಲ. ಮುದುಕರಿಗೆ ಓಟೇ ಏಕೆ ಎಂದು ಕೇಳುತ್ತದೆ ಗರಗಸ. ನಿನ್ನ ತಲೆಗೆ ಚಾರ್ಜರ್ ಎಲ್ಲಿ ಎಂದು ಕೇಳುತ್ತದೆ ಕೊಡೆ.’

“ನಾನು ಹಾಗಂದ್ನಾ?” ಎಂದಳು ಜಿಗಣೆ, ಓದು ನಿಲ್ಲಿಸಿ.

“ನಾನೂ ಚಾರ್ಜರ್ ಅನ್ಲಿಲ್ಲ. ಹೋಗ್ಲಿ, ಚೆನ್ನಾಗಿದೆ. ಮುಂದೆ?”

ಮುಂದೆ ಒಂದು ಸಾಲಿತ್ತು. ಬಾಗಿಲಲ್ಲಿ ನಿಂತಿದ್ದ ಸೊಸೆ ಅದನ್ನು ಬೆಳಗ್ಗೆಯೇ ಓದಿಕೊಂಡಿದ್ದಳು. ಜಿಗಣೆಯ ಕಣ್ಣು ಅಲ್ಲಿ ನಿಂತಿತು, ಗಂಟಲು ಸರಿ ಮಾಡಿಕೊಂಡಳು, ಅದರ ಕೆಳಗಿನ ಸಾಲಿಗೆ ಹೋದಳು. ತನ್ನನ್ನು ಗೇಲಿ ಮಾಡಿದ್ದನ್ನು ಒಂದಕ್ಷರ ಬಿಡದೆ ಓದಿದವಳು ತಾತನದೊಂದನ್ನು ಹಾರಿಸಿದಳು. ಸೊಸೆಗೆ ಮಗಳ ಮೇಲೆ ಅಭಿಮಾನ ಉಕ್ಕಿತು.

ಆ ವಾರವೇ ಮಾವ ಕ್ಷೌರಕ್ಕೆ ಹೋದರು. ಹೋದವರು ಒಂದು ಕೆನ್ನೆಯ ಮೇಲೆ ನೊರೆ ಒಣಗಿಸಿಕೊಂಡು, ಅರ್ಧ ಗಡ್ಡದಲ್ಲಿ ವಾಪಸು ಬಂದರು.

“ಅವಳನ್ನ ಕರಿ,” ಎಂದರು. ಜಿಗಣೆ ಎನ್ನಲಿಲ್ಲ.

ಜಿಗಣೆ ಬಂದಳು. “ಏನಾಯ್ತು ತಾತ? ಗಡ್ಡ...”

“ಭಾನುವಾರ ನಿಮ್ಮ ಚಿಕ್ಕಪ್ಪ ಬರೆದದ್ದು ಪೂರ್ತಿ ಓದಿದ್ಯಾ?”

ಅವಳು ಸುಳ್ಳು ಹೇಳಲಿಲ್ಲ. “ಒಂದು ಸಾಲು ಬಿಟ್ಟೆ.”

“ಕ್ಷೌರಿಕ ಬಿಡ್ಲಿಲ್ಲ. ಎರಡು ಸಲ ಓದಿದ. ‘ಕಣ್ಣು ಹೋದ ಮೇಲೂ ಕೊಡೆಯಜ್ಜನಿಗೆ ಕೊಡೆಯ ಗುರುತೊಂದು ಕಾಣುತ್ತದೆ, ಉಳಿದದ್ದಕ್ಕೆಲ್ಲ ಆತ ಮೊದಲಿನಿಂದಲೂ ಕುರುಡನೇ.’ ಅಂಗಡಿಯಲ್ಲಿ ಎಲ್ರೂ ನಕ್ರು. ಸರಿ, ಅದು ಬಿಡು. ಇಷ್ಟು ದಿನ ಇನ್ನೇನೇನು ಬಿಟ್ಟೆ?”

“ನಿಮ್ಮೋರನ್ನ ಬೈದದ್ದು ಬಿಡ್ತಿದ್ದೆ. ನಿಂಗೆ ಬಿಪಿ ಏರುತ್ತೆ ಅಂತ.”

“ಅಂದ್ರೆ ನಾನು ಪೇಪರ್ ಕೇಳ್ಲೇ ಇಲ್ಲ. ನಿನ್ನನ್ನ ಕೇಳಿದೆ.” ಮಾವ ಕುರ್ಚಿಯ ಅಂಚು ತಡವಿ ಕೂತರು. “ಆ ಅಂಗಡೀಲಿ ನಾನು ವಾದ ಮಾಡ್ತಿದ್ದೆ, ಈ ಪೇಪರ್‌ನೋರು ನಮ್ಮೋರನ್ನ ಅನುಭವಿಗಳು ಅಂತಾರೆ ಅಂತ. ಅವ್ರೆಲ್ಲ ಮುಖ ಮುಖ ನೋಡ್ಕೊಂಡು ನಗ್ತಿದ್ರಂತೆ. ನಂಗೆ ಮುಖ ಕಾಣಲ್ವಲ್ಲ.”

ಸೊಸೆ ಮುಂದೆ ಬಂದಳು. “ಮಾವ, ಅವಳದ್ದು ತಪ್ಪಿಲ್ಲ. ಹಾಗೆ ಓದು ಅಂದದ್ದು ನಾನು.”

“ಹಾಗಾದ್ರೆ ಇಬ್ರೂ ಸೇರಿ ಮಾಡಿದ್ದು,” ಎಂದರು ಮಾವ, ಕಡ್ಡಿ ಮುರಿದ ಹಾಗೆ. “ಕೇಳು. ಬರೋ ತಿಂಗಳು ಓಟಿದೆ. ಇರೋ ಸಾಲನ್ನ ಇಲ್ಲ ಅನ್ನಿಸಿದವಳು, ನನ್ನ ಮುದ್ರೆ ಯಾವ ಗುರುತಿನ ಮುಂದೆ ಒತ್ತುತ್ತಾಳೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?”

ಕಣ್ಣು ಕಾಣದವರು ಮತಗಟ್ಟೆಗೆ ಒಬ್ಬರನ್ನು ಜತೆಗೆ ಕರೆದೊಯ್ಯಬಹುದಿತ್ತು. ಅವರು ಹೇಳಿದ ಗುರುತಿನ ಮುಂದೆ ಜತೆಗಾರರು ಮುದ್ರೆ ಒತ್ತುತ್ತಿದ್ದರು. ಹಿಂದಿನ ಸಲ ಒತ್ತಿದ್ದು ಜಿಗಣೆ. ಕೊಡೆಗೆ ಒತ್ತಿ, ಹೊರಗೆ ಬಂದು, ‘ಥೂ, ಕೈ ತೊಳ್ಕೋಬೇಕು’ ಎಂದು ತಾತನನ್ನು ನಗಿಸಿದ್ದಳು. ಈಗ ಅವಳು ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು.

ಅಲ್ಲಿಂದ ಮನೆಯ ಲಯ ತಪ್ಪಿತು. ಪತ್ರಿಕೆ ಮಡಚಿದ್ದು ಮಡಚಿದಂತೆಯೇ ಮೇಜಿನ ಮೇಲೆ ಬಿದ್ದಿರುತ್ತಿತ್ತು. ಟಿವಿ ಬೆಳಗಿನಿಂದಲೇ ಅರಚುತ್ತಿತ್ತು. ಜಿಗಣೆ ಚಹಾ ತಂದಿಟ್ಟರೆ ಮಾವ “ಅಲ್ಲಿಡಮ್ಮಾ ತಾಯಿ” ಎನ್ನುತ್ತಿದ್ದರು, ಯಾರೋ ನೆಂಟರ ಹುಡುಗಿಗೆ ಹೇಳಿದಂತೆ. ಸೊಸೆ ಉಪ್ಪಿನ ಡಬ್ಬಿಯಂತೆ ಇಬ್ಬರ ನಡುವೆ ಕೈಯಿಂದ ಕೈಗೆ ಹೋಗುತ್ತಿದ್ದಳು. “ತಾತಂಗೆ ಕೇಳು, ಮಾತ್ರೆ ತಗೊಂಡ್ನಾ.” “ಅವಳಿಗೆ ಹೇಳು, ತಗೊಂಡೆ.”

ಲ್ಯಾಬಿನಲ್ಲೂ ಕಥೆ ಹರಡಿತ್ತು. ‘ಓರೆಗಣ್ಣು’ ಬರೆಯುವವನು ಇವಳ ಚಿಕ್ಕಪ್ಪ ಎಂದು ಅಲ್ಲಿ ಗೊತ್ತಿಲ್ಲದವರಿಲ್ಲ. “ಗರಗಸ ಬಂತು, ಕೈ ಹುಷಾರು” ಎಂದು ಜತೆಯವರು ಕಾಡುವುದನ್ನು ಜಿಗಣೆ ನಗುತ್ತಲೇ ಸಹಿಸಿದ್ದಳು. ಒಂದು ದಿನ ಮಾತ್ರ ಮನೆಗೆ ಬಂದು ಚಪ್ಪಲಿ ಬಿಡದೆ ನಿಂತಳು.

“ಅಮ್ಮ, ಇವತ್ತು ಒಬ್ರು ಅಜ್ಜಿ ತೋಳು ಮುಂದೆ ಮಾಡ್ಲೇ ಇಲ್ಲ. ಮುದುಕರಿಗೆ ಓಟು ಬೇಡ ಅಂದವಳು ನೀನೇ ಅಂತೆ, ಬೇರೆಯವ್ರನ್ನ ಕರಿ ಅಂದ್ರು.”

“ನೀನು ಹಾಗಂದಿಲ್ಲ ಅಂತ ಹೇಳ್ಬೇಕಿತ್ತು.”

“ಪೇಪರಲ್ಲಿ ಬಂದಿದೆ, ಸುಳ್ಳಾ ಅಂದ್ರು. ಏನು ಹೇಳ್ಲಿ?”

ಆ ಭಾನುವಾರ ಮೇಜಿನಲ್ಲಿ ಯಾರೂ ತುಟಿ ಬಿಚ್ಚದಂತೆ ಸೊಸೆ ಮೊದಲೇ ತಾಕೀತು ಮಾಡಿದ್ದಳು. ಮಾತೇ ಇಲ್ಲದಿದ್ದರೆ ಏನು ಬರೆದಾನು? ಎಲ್ಲರೂ ಮೊಟ್ಟೆ, ಬ್ರೆಡ್ಡು, ಸೊಪ್ಪು ತಿಂದು ಎದ್ದರು. ಮುಂದಿನ ಭಾನುವಾರ ಅಂಕಣದ ತಲೆಬರಹ: ‘ಚಮಚಗಳ ಶೀತಲ ಸಮರ’. ಎರಡು ತಲೆಮಾರುಗಳು ಒಬ್ಬರನ್ನೊಬ್ಬರು ನುಂಗಲಾಗದೆ ಮೊಟ್ಟೆಯನ್ನು ನುಂಗುತ್ತಿದ್ದ ವರ್ಣನೆ ಅದರಲ್ಲಿತ್ತು.

ಮೈದುನ ಊಟಕ್ಕೆ ಬಂದಾಗ ಸೊಸೆ ಅವನನ್ನು ಅಡುಗೆಮನೆಗೆ ಕರೆದಳು.

“ಮಾತಾಡಿದ್ರೂ ಬರೀತೀರಿ, ಸುಮ್ನಿದ್ರೂ ಬರೀತೀರಿ. ನಾವು ಏನು ಮಾಡ್ಬೇಕು ಹೇಳಿ.”

“ಅತ್ತಿಗೆ, ಯಾರ ಹೆಸರೂ ಹಾಕಿಲ್ವಲ್ಲ. ಇದು ನಿಮ್ಮನೆ ಕಥೆ ಅಲ್ಲ, ಪ್ರತಿ ಮನೆ ಕಥೆ.”

“ಪ್ರತಿ ಮನೆದಾದ್ರೆ ಒಂದ್ ವಾರ ಬೇರೆ ಮನೇಲಿ ಊಟ ಮಾಡಿ.”

ಮೈದುನ ನಕ್ಕ. “ನೋಡಿ, ಇದು ಚೆನ್ನಾಗಿದೆ. ಈ ಸಾಲು ನಂಗೆ ಕೊಡ್ತೀರಾ?”

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಸೊಸೆಗೆ ಕೈಯಲ್ಲಿದ್ದ ಸೌಟನ್ನು ಅವನ ತಲೆಗೆ ಕುಟ್ಟುವಷ್ಟು ಸಿಟ್ಟು ಬಂತು. ಆದರೆ ಹಸಿದು ಬಂದವನಿಗೆ ಬಡಿಸದೆ ಇರುವುದು ಅವಳ ಕೈಲಾಗದು. ಬಡಿಸಿದಳು.

ಮತದಾನ ಹತ್ತಿರವಾಗುತ್ತಿತ್ತು. ಮಾವನ ಜತೆಗೆ ಯಾರು ಹೋಗಬೇಕು? ಸೊಸೆಯನ್ನು ಅವರು ಒಪ್ಪಲಿಲ್ಲ. ಕಲ್ಲು ಆರಿಸಲು ಕಲಿಸಿದವಳೇ ಅವಳಲ್ಲವೇ. ಗಂಡನಿಗೆ ಅಂದು ಬೇಕರಿಯಲ್ಲಿ ಉಸಿರಾಡಲು ಬಿಡುವಿಲ್ಲ, ಮತಗಟ್ಟೆಯ ಸಿಬ್ಬಂದಿಗೆಲ್ಲ ಬ್ರೆಡ್ಡು ಹೋಗುವುದು ಅಲ್ಲಿಂದಲೇ.

“ನಾನು ಅಪ್ಪನ ಜತೆ ಹೋದ್ರೆ ಒಲೆ ಮುಂದೆ ಯಾರು ನಿಲ್ತಾರೆ?” ಎಂದ ಗಂಡ. “ಈ ಮನೇಲಿ ಎಲ್ರಿಗೂ ದೇಶದ ಚಿಂತೆ, ನಂಗೊಬ್ಬನಿಗೆ ಬ್ರೆಡ್ಡಿನ ಚಿಂತೆ.”

“ನಾನಿದ್ದೀನಲ್ಲ,” ಎಂದ ಮೈದುನ. “ಅಪ್ಪನ ಓಟು ನನ್ನ ಕೈಯಲ್ಲಿ. ಭಲೇ ಅಂಕಣ ಆಗುತ್ತೆ.”

ಮಾವ ಸರಿ ಎಂದರು. ಜಿಗಣೆ ತಟ್ಟೆ ತಳ್ಳಿ ಎದ್ದು ಹೋದಳು. ಸೊಸೆ ಹಿಂದೆಯೇ ಹೋದಾಗ ಅವಳು ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ಎಳೆಯುತ್ತಿದ್ದಳು.

“ಬೈದ್ರೆ ಸಹಿಸ್ಕೋತೀನಮ್ಮ. ಓಟು ಕದೀತೀನಿ ಅಂದ್ಕೊಂಡ್ನಲ್ಲ ತಾತ. ಅದು ಹೇಗೆ ಸಹಿಸ್ಕೊಳ್ಲಿ?”

ತಾಯಿ ಬಟ್ಟೆಯ ಇನ್ನೊಂದು ತುದಿ ಹಿಡಿದು ಮಡಚಲು ನಿಂತಳು.

ಮತದಾನದ ಹಿಂದಿನ ಭಾನುವಾರ ಎಲ್ಲರೂ ಮೇಜಿಗೆ ಬಂದರು. ಮಾವನೇ ಟಿವಿ ಆರಿಸಿದರು. ಸೊಸೆಗೆ ಆಶ್ಚರ್ಯವಾಯಿತು.

“ಆ ಮೊದಲನೇದು ಬರೆದ್ಯಲ್ಲ, ಕೊಡೆ ಗರಗಸದ್ದು,” ಎಂದರು ಕಿರಿಮಗನಿಗೆ. “ಅದನ್ನ ಓದು. ಬರೆದವನ ಬಾಯಲ್ಲೇ ಕೇಳ್ಬೇಕು ಅನ್ನಿಸಿದೆ.”

ಮೈದುನ ಉಬ್ಬಿಹೋದ. ಫೋನಿನಲ್ಲಿ ಹುಡುಕಿ ತೆಗೆದು, ಕುರ್ಚಿಯಲ್ಲಿ ನೆಟ್ಟಗೆ ಕೂತು, ರೇಡಿಯೋದವರ ದನಿಯಲ್ಲಿ ಶುರುಮಾಡಿದ. ದೇಶದ ನಕ್ಷೆ ಬಂತು. ಮಡಚಿಕೊಳ್ಳದ ಕೊಡೆ ಬಂತು, ಅಲ್ಲಿ ಸ್ವಲ್ಪ ದನಿ ತಗ್ಗಿತು. ಕೂತ ಕೊಂಬೆ ಕೊಯ್ಯುವ ಗರಗಸ ಬಂದಾಗ ಮತ್ತೆ ಏರಿತು. ಜಿಗಣೆಯ ಕಡೆ ನೋಡಿ ಹುಬ್ಬನ್ನೂ ಹಾರಿಸಿದ. ಆಮೇಲೆ ಓದು ನಿಲ್ಲಿಸಿದ. ನೀರಿನ ಲೋಟ ಎತ್ತಿ ಒಂದು ಗುಟುಕು ಕುಡಿದ. ಕೆಳಗಿನ ಸಾಲಿನಿಂದ ಮುಂದುವರಿಸಿದ.

“ನಿಲ್ಲು,” ಎಂದರು ಮಾವ. “ನಡುವೆ ಒಂದು ಸಾಲು ಬಿಟ್ಟೆ.”

ಮೈದುನ ಫೋನಿನ ತೆರೆಯನ್ನು ಮೇಲೆ ಕೆಳಗೆ ಸರಿಸಿದ.

“ಕಣ್ಣು ತಪ್ಪಿತು ಅಪ್ಪಾ.”

“ಕಣ್ಣು ತಪ್ಪೋದು ನಂಗೆ. ನಿಂಗೆ ಚೆನ್ನಾಗಿ ಕಾಣುತ್ತೆ. ಓದು.”

ಮೈದುನ ಫೋನು ಕೆಳಗಿಳಿಸಿದ. “ಅದೇನೋ... ಓದೋರು ನಗ್ಲಿ ಅಂತ ಬರೆದದ್ದು.”

“ಊರಿಗೆಲ್ಲ ಓದಿಸಿದೆ. ನನ್ನ ಎದುರಿಗೆ ಯಾಕೆ ಬಾಯಿ ಬರಲ್ಲ?”

“ನಿಂಗೆ ನೋವಾಗುತ್ತೆ ಅಂತ.”

“ಇವಳೂ ಅದಕ್ಕೇ ಬಿಟ್ಟಿದ್ದು.” ಮಾವ ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ಅಂಚಿನ ನೋಟದಲ್ಲಿ ಮೊಮ್ಮಗಳನ್ನು ಹುಡುಕಿದರು. “ಆದ್ರೆ ಇವಳು ಬಿಟ್ಟದ್ದು ಬೇರೆಯವ್ರು ಬರೆದದ್ದನ್ನ. ತನ್ನನ್ನ ಆಡ್ಕೊಂಡದ್ದು ಒಂದೂ ಬಿಡ್ಲಿಲ್ಲ. ನೀನು ಅವಳನ್ನ ಆಡ್ಕೊಂಡದ್ದು ರಾಗವಾಗಿ ಓದಿದೆ. ಬಿಟ್ಟದ್ದು ನಿನ್ನ ಕೈಯಾರೆ ಬರೆದದ್ದನ್ನ.”

ಮೈದುನ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ. ಅವನ ಕಿವಿ ಕೆಂಪಾಗಿತ್ತು. ಸೊಸೆ ಅವನ ತಟ್ಟೆಯ ಕಡೆ ನೋಡಿದಳು. ಒಂದು ತುತ್ತೂ ಇಳಿದಿರಲಿಲ್ಲ. ಇಷ್ಟು ವಾರ ಸಿಟ್ಟು ಕಾಸಿಟ್ಟುಕೊಂಡಿದ್ದವಳಿಗೆ ಈಗ ಅವನನ್ನು ನೋಡಿ ಅಯ್ಯೋ ಅನ್ನಿಸಿತು.

“ತಿನ್ನು, ಆರಿಹೋಗುತ್ತೆ,” ಎಂದರು ಮಾವ. “ಓಟಿನ ದಿನ ನೀನು ಬರ್ಬೇಡ.” ಆಮೇಲೆ ಜಿಗಣೆಯ ಕಡೆಗೆ, “ನಿನ್ನ ಮೇಲಿನ ಸಿಟ್ಟೂ ಹೋಗಿಲ್ಲ ನಂಗೆ. ಆದ್ರೂ ನೀನೇ ಬಾ.”

“ಬರ್ತೀನಿ. ಆದ್ರೆ ನಾನು ಗರಗಸ, ತಾತ. ನೆನಪಿರ್ಲಿ.”

“ಮರೆಯೋಕೆ ಪೇಪರ್‌ನೋರು ಬಿಟ್ರೆ ತಾನೆ?”

ಮತಗಟ್ಟೆ ಒಂದು ಶಾಲೆಯ ಕೊಠಡಿಯಲ್ಲಿತ್ತು. ಬಿಸಿಲಲ್ಲಿ ಸಾಲು ಉದ್ದ ಬೆಳೆದಿತ್ತು. ಸೊಸೆ ಅವರಿಬ್ಬರ ಹಿಂದೆಯೇ ನಿಂತಿದ್ದಳು. ಅಧಿಕಾರಿ “ಇವರು ನಿಮಗೇನಾಗ್ಬೇಕು?” ಎಂದು ಕೇಳಿದ್ದೂ, ಮಾವ “ಮೊಮ್ಮಗಳು” ಎಂದದ್ದೂ ಅವಳಿಗೆ ಕೇಳಿಸಿತು. ಇಬ್ಬರೂ ರಟ್ಟಿನ ಮರೆಯ ಹಿಂದೆ ಹೋದರು. ಹೊತ್ತಾಯಿತು. ಒಳಗೆ ಪಿಸುಮಾತು. ಜಿಗಣೆ ಕೈಯಲ್ಲಿ ಮತಪತ್ರ ಹಿಡಿದು ಅಧಿಕಾರಿಯ ಹತ್ತಿರ ವಾಪಸು ಬಂದಳು, ಏನೋ ಕೇಳಿದಳು. ಅಧಿಕಾರಿ ತಲೆ ಆಡಿಸಿದ, ಅವಳು ಮತ್ತೆ ಕೇಳಿದಳು. ಹಿಂದಿನ ಸಾಲಿನವರು ಗೊಣಗತೊಡಗಿದರು. “ಏನಮ್ಮಾ ಅದು, ಒಂದು ಮುದ್ರೆ ಒತ್ತೋಕೆ ಇಷ್ಟು ಹೊತ್ತಾ?” ಸೊಸೆ ಕತ್ತು ಚಾಚಿ ನೋಡಿದಳು. ಇಬ್ಬರೂ ಅಲ್ಲೇ ಜಗಳಕ್ಕೆ ಬಿದ್ದರೋ ಏನೋ ಎಂದುಕೊಂಡಳು. ಕೊನೆಗೆ ಅಧಿಕಾರಿ ಇನ್ನೊಂದು ಮತಪತ್ರ ಕೊಟ್ಟ.

ತನ್ನ ಓಟು ಮುಗಿಸಿ ಸೊಸೆ ಹೊರಗೆ ಬಂದಾಗ ಮಾವ ಗೋಡೆಗೆ ಕೈಯೂರಿ ನಿಂತಿದ್ದರು. ಜಿಗಣೆ ಅವರಿಗೆ ನೀರು ತರಲು ಹೋಗಿದ್ದಳು.

“ಒಳಗೆ ಏನಾಯ್ತು ಮಾವ?”

“ಅವಳ ಕೈ ನಡುಗ್ತಂತೆ. ದಿನಾ ಸೂಜಿ ಚುಚ್ಚೋ ಕೈ. ಮುದ್ರೆ ಎರಡು ಗುರುತಿನ ನಡುವಿನ ಗೆರೆ ಮೇಲೆ ಬಿತ್ತಂತೆ.” ಮಾವ ಬಾಗಿಲ ಕಡೆ ಮುಖ ತಿರುಗಿಸಿದರು. “‘ತಾತ, ಇದು ಎಣಿಕೆಗೆ ಬರಲ್ಲ, ಬೇರೆ ಕಾಗದ ಕೇಳೋಣ’ ಅಂದ್ಲು. ಅವಳು ಹೇಳದೇ ಮಡಚಿ ಹಾಕಿದ್ರೆ ನಂಗೆ ಗೊತ್ತಾಗ್ತಿತ್ತೇನಮ್ಮ? ಕೊಡೆಗೆ ಒಂದು ಓಟು ಖೋತಾ ಆಗ್ತಿತ್ತು. ಅಷ್ಟೂ ಜನ ಬೈತಿದ್ರೂ ಆ ಅಧಿಕಾರಿನ ಬಿಡ್ಲಿಲ್ಲ.”

ಸೊಸೆ ಮಾವನ ತೋಳು ಹಿಡಿದುಕೊಂಡಳು. ಜಿಗಣೆ ನೀರು ತಂದಳು, ಮೂವರೂ ಗೇಟಿನ ಕಡೆ ನಡೆದರು.

ಗೇಟಿನಾಚೆ ಮೈದುನ ಕಾಯುತ್ತಿದ್ದ. ಮುಖ ಸಪ್ಪಗಿದ್ದರೂ, ಅಭ್ಯಾಸಬಲ, ಕಿಸೆಯಿಂದ ಪೆನ್ನು ಹೊರಗೆ ಬಂದಿತ್ತು.

“ಹೇಗಾಯ್ತಪ್ಪಾ?”

“ಓಟು ಹಾಕಿದ್ವಿ, ಬಂದ್ವಿ. ಏನೂ ಆಗ್ಲಿಲ್ಲ. ಹಾಗಂತಲೇ ಬರಿ.”

“ಏನೂ ಆಗ್ಲಿಲ್ಲ ಅಂತ ಬರೆದ್ರೆ ಯಾರಪ್ಪಾ ಓದ್ತಾರೆ?”

“ಇವಳು ಓದ್ತಾಳೆ,” ಎಂದರು ಮಾವ, ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟು. “ನಾನು ಕೇಳ್ತೀನಿ.”